ಬೀಚನಹಳ್ಳಿಗೆ ಬರುವ ಅತಿಥಿಗಳು

2025ನೆಯ ಇಸವಿಯ ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ ಹೆಗ್ಗಡದೇವನಕೋಟೆ ಸರಗೂರು ಸೀಮೆಯ ಕಾಡಂಚಿನ ಹಳ್ಳಿಗಳಲ್ಲಿ ರೈತರು ಹುಲಿಯ ಬಾಯಿಗೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಎಂದಿನಂತೆ ತಮ್ಮ ದುಡಿಮೆಗೆಂದು ಹೋದವರು ಮನೆಗೆ ಹಿಂದಿರುಗಲಿಲ್ಲ. ಜನರ ದುಃಖವೂ ಕೋಪವೂ ಮಿತಿಮೀರಿದುದನ್ನು ಕಂಡು ಸರಕಾರದವರು ನವೆಂಬರ್ ಮೊದಲನೆಯ ವಾರದಲ್ಲಿ ನಾಗರಹೊಳೆ ಬಂಡೀಪುರಗಳೆರಡರಲ್ಲಿಯೂ ಸಫಾರಿಯನ್ನು ನಿಲ್ಲಿಸುವಂತೆ ಆಜ್ಞೆ ಮಾಡಿದರು. ಒಡನೆಯೇ ಎರಡು ಕಡೆಯಿಂದ ಎರಡು ಕೂಗುಗಳೆದ್ದವು. ಜೀಪುಗಳ ಓಡಾಟದಿಂದ ಮೃಗಗಳು ಕಂಗೆಟ್ಟು ಹೊಲಗಳಿಗೆ ಬರುತ್ತಿವೆ, ಕಾವಲಿನ ಸಿಬ್ಬಂದಿಯೆಲ್ಲ ವಿಹಾರಿಗಳ ಸೇವೆಯಲ್ಲಿ ತೊಡಗಿರುವರು, ಆದುದರಿಂದ ಸಫಾರಿಯು ಶಾಶ್ವತವಾಗಿ ನಿಲ್ಲಬೇಕು ಎಂದರು ರೈತರು. ವಿಹಾರಿಗಳು ಬಾರದಿದ್ದರೆ ಚಾಲಕನಿಗೂ ಅಡಿಗೆಯವನಿಗೂ ಕೋಣೆ ಗುಡಿಸುವ ಹೆಂಗಸಿಗೂ ಅನ್ನವಿಲ್ಲ, ಹುಲಿಯು ಊರಿಗೆ ಬರುವುದಕ್ಕೂ ಸಫಾರಿಗೂ ಸಂಬಂಧವಿದೆಯೆಂದು ಯಾರೂ ಸಿದ್ಧಪಡಿಸಿಲ್ಲ ಎಂದರು ರೆಸಾರ್ಟುಗಳ ಪಕ್ಷದವರು.

ಈ ಎರಡು ಕೂಗುಗಳಲ್ಲಿ ಯಾವುದೂ ಕೇವಲ ಸುಳ್ಳಲ್ಲ. ಆದರೆ ಬಾಗಿಲನ್ನು ಮುಚ್ಚುವುದೂ ತೆರೆಯುವುದೂ ಒಂದು ಆಜ್ಞೆಯಿಂದ ಆಗತಕ್ಕ ಕೆಲಸಗಳು. ಅದಕ್ಕಿಂತ ಹಳೆಯದಾದ, ಆಳವಾದ ಪ್ರಶ್ನೆಯೊಂದಿದೆ. ಕಪಿಲೆಯ ದಡದ ಈ ಹಳ್ಳಿಗಳಿಗೂ ಅಲ್ಲಿಗೆ ವಿನೋದಕ್ಕಾಗಿ ಬಂದು ಹೋಗುವ ನಮ್ಮಂತಹ ಪಟ್ಟಣಿಗರಿಗೂ ಇರತಕ್ಕ ಸಂಬಂಧವೇನು? ಅತಿಥಿಯೆಂದು ಬರುವವನಿಗೆ ಮನೆಯ ಯಜಮಾನನ ಪರಿಚಯವೇ ಇಲ್ಲದಿದ್ದರೆ ಅವನು ಅತಿಥಿಯೋ, ಹಾದಿಹೋಕನೋ? ಈ ವಿಷಯವನ್ನು ಇಂದು ವಾಚಕರ ಮುಂದಿಡಲು ಬಯಸುತ್ತೇವೆ.

ಬೀಚನಹಳ್ಳಿಯು ಚಿಕ್ಕ ಊರು. ಅದರ ಹೆಸರನ್ನು ನಾಡಿಗೆ ಪರಿಚಯ ಮಾಡಿಸಿದುದು ಅಲ್ಲಿ ಕಟ್ಟಿದ ಕಬಿನಿ ಜಲಾಶಯ. 1974ರಲ್ಲಿ ಪೂರ್ತಿಯಾದ ಈ ಅಣೆಕಟ್ಟು ವಯನಾಡಿನ ಮಳೆಯನ್ನು ತಡೆದು 19.52 ಟಿ.ಎಂ.ಸಿ. ಅಡಿಯಷ್ಟು ನೀರನ್ನು ಹಿಡಿದಿಡುತ್ತದೆ. ಈ ನೀರಿನಿಂದ ನಂಜನಗೂಡು, ತಿರುಮಕೂಡಲು ನರಸೀಪುರಗಳ ಕಡೆಯ ಗದ್ದೆಗಳು ಹಸುರಾದುವು. ಮೈಸೂರು ನಗರದ ಬಾಯಾರಿಕೆಯೂ ಇದರಿಂದ ತಣಿಯುತ್ತದೆ. ಆದರೆ ಒಂದು ಕಡೆ ಹಸುರಾಗಬೇಕಾದರೆ ಇನ್ನೊಂದು ಕಡೆ ಮುಳುಗಬೇಕಾಯಿತು. ಹಲವು ಹಳ್ಳಿಗಳ ಹೊಲಮನೆಗಳು ನೀರಿನ ಪಾಲಾದುವು. ಮಾಸ್ತಿಗುಡಿಯೂ ನೀರೊಳಗೆ ಸೇರಿತು. ಬೇಸಗೆಯಲ್ಲಿ ಹಿನ್ನೀರು ಇಳಿದಾಗ ಮೇಲೇಳುವ ಹುಲ್ಲುಗಾವಲಿಗೆ ಆನೆಗಳ ಹಿಂಡುಗಳು ನೂರಾರು ಸಂಖ್ಯೆಯಲ್ಲಿ ಇಳಿದು ಬರುತ್ತವೆ. ಅದನ್ನು ನೋಡಲು ದೇಶವಿದೇಶಗಳ ಜನರು ದೋಣಿಯಲ್ಲಿ ಕುಳಿತು ಬರುವರು. ತಾವು ತೇಲುತ್ತಿರುವುದು ಒಕ್ಕಲು ಮಕ್ಕಳು ಉತ್ತು ಬಿತ್ತಿದ ನೆಲದ ಮೇಲೆ ಎಂಬುದನ್ನು ಅವರಲ್ಲಿ ಎಷ್ಟು ಮಂದಿ ಬಲ್ಲರು?

ಈ ಸೀಮೆಗೆ ವಿಹಾರವು ಹೊಸದೇನೂ ಅಲ್ಲ. ಇಲ್ಲಿಯ ಕಾಕನಕೋಟೆಯ ಖೆಡ್ಡಾ ಒಂದು ಕಾಲಕ್ಕೆ ಲೋಕಪ್ರಸಿದ್ಧವಾಗಿದ್ದಿತು. ಕಾಡಾನೆಗಳನ್ನು ದಿನಗಟ್ಟಲೆ ಸುತ್ತುವರಿದು, ತಮಟೆ ಬೆಂಕಿಗಳಿಂದ ಬೆದರಿಸಿ, ಹೊಳೆಯನ್ನು ದಾಟಿಸಿ, ದಪ್ಪ ಮರಗಳ ದೊಡ್ಡಿಯೊಳಕ್ಕೆ ನೂಕುತ್ತಿದ್ದರು. ಮಹಾರಾಜರ ಅತಿಥಿಗಳು ಇದನ್ನು ಅಟ್ಟಣೆಯ ಮೇಲೆ ಕುಳಿತು ನೋಡುತ್ತಿದ್ದರು. 1922ರಲ್ಲಿ ವೇಲ್ಸಿನ ರಾಜಕುಮಾರರೂ ಕಾರಾಪುರದ ಕಾಡಿಗೆ ಬಂದು ಈ ನೋಟವನ್ನು ಕಂಡು ಹೋದರು. ಅಟ್ಟಣೆಯ ಮೇಲಿದ್ದವರ ಹೆಸರುಗಳೆಲ್ಲವೂ ಬರೆಹದಲ್ಲಿ ಉಳಿದಿವೆ. ಆನೆಯ ಜಾಡು ಹಿಡಿದವರು ಯಾರು? ಇರುಳೆಲ್ಲ ಬೆಂಕಿ ಕಾಯ್ದವರು ಯಾರು? ದೊಡ್ಡಿಯೊಳಗೆ ಪಳಗಿದ ಆನೆಯ ಮೇಲೆ ಕುಳಿತು, ಮದಿಸಿದ ಕಾಡಾನೆಯ ಕಾಲಿಗೆ ಹಗ್ಗ ಬಿಗಿಸಿದವರು ಯಾರು? ಅವರ ಹೆಸರುಗಳು ಎಲ್ಲಿಯೂ ಇಲ್ಲ. ಜೇನುಕುರುಬರೂ ಕಾಡುಕುರುಬರೂ ಮಾವುತರೂ ಕಾವಾಡಿಗಳೂ ಪ್ರಾಣವನ್ನು ಪಣವಾಗಿಟ್ಟು ನಡೆಸಿದ ಕಾರ್ಯವು ಪರರಿಗೆ ಆಟವೆನಿಸಿತು.

ಕಾರಾಪುರದ ಮಾವುತನೊಬ್ಬನ ಮಗ ಸಾಬು ಎಂಬ ಬಾಲಕನ ಕಥೆಯೂ ಇಲ್ಲಿ ನೆನಪಿಗೆ ಬರುತ್ತದೆ. ಮೈಸೂರು ಸೀಮೆಯಲ್ಲಿ ಚಿತ್ರೀಕರಿಸಿ 1937ರಲ್ಲಿ ತೆರೆಗೆ ಬಂದ ‘ಎಲಿಫೆಂಟ್ ಬಾಯ್’ ಎಂಬ ಚಲನಚಿತ್ರವು ಅವನನ್ನು ಲಂಡನ್ನಿಗೂ ಅಲ್ಲಿಂದ ಅಮೆರಿಕಕ್ಕೂ ಒಯ್ದಿತು. ಹುಡುಗನು ಲೋಕವಿಖ್ಯಾತನಾದನು, ಅವನ ಹಟ್ಟಿಯನ್ನು ಮಾತ್ರ ಲೋಕವು ಅರಿಯಲಿಲ್ಲ. ನಮ್ಮ ವಿದ್ಯಾವಂತರ ವಿಷಯದಲ್ಲಿಯೂ ಹೆಚ್ಚೇನು ಹೇಳುವಂತಿಲ್ಲ. ಮಾಸ್ತಿಯವರ ‘ಕಾಕನಕೋಟೆ’ ನಾಟಕವನ್ನು ರಂಗದ ಮೇಲೆ ನೋಡಿ ಕಾಕನ ಹೃದಯಕ್ಕೆ ಮರುಗಿದವರು ನಾವು. ಕಾಕನ ಕುಲದವರು ಇಂದು ಎಲ್ಲಿರುವರು, ಏನುಣ್ಣುವರು ಎಂದು ಕೇಳಿದವರು ನಮ್ಮಲ್ಲಿ ವಿರಳ.

ಈ ಋಣವು ಇಂದಿಗೂ ಬೆಳೆಯುತ್ತಲೇ ಇದೆ. ನಾಡಹಬ್ಬದ ಜಂಬೂಸವಾರಿಯಲ್ಲಿ 2012ರಿಂದ 2019ರವರೆಗೆ ಚಿನ್ನದ ಅಂಬಾರಿಯನ್ನು ಹೊತ್ತ ಅರ್ಜುನನು ಕಾಕನಕೋಟೆಯ ಕಾಡಿನಲ್ಲಿ ಹಿಡಿದ ಆನೆ. ಇದೇ ಸೀಮೆಯ ಬಳ್ಳೆ ಶಿಬಿರದಲ್ಲಿ ಬಾಳಿದವನು. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯಲ್ಲಿ ಕಾಡಾನೆಯನ್ನು ಹಿಡಿಯುವ ಕಾರ್ಯದಲ್ಲಿ ಅವನು ಮಡಿದಾಗ ನಾಡೆಲ್ಲ ಕಣ್ಣೀರಿಟ್ಟಿತು. ಅಂಬಾರಿಯ ಆನೆಗೆ ಸಂದ ಈ ಗೌರವವು ಉಚಿತವೇ ಸರಿ. ಆದರೆ ಆನೆಯನ್ನು ಮಗುವಿನಂತೆ ಸಾಕಿ, ನುಡಿಗೆ ಓಗೊಡುವಂತೆ ಪಳಗಿಸಿ, ಆ ಅಂಬಾರಿಗೆ ಯೋಗ್ಯನನ್ನಾಗಿ ಮಾಡಿದ ಹಾಡಿಯ ವಿದ್ಯೆಗೆ ನಾವು ಸಲ್ಲಿಸಿದ ಗೌರವವೆಷ್ಟು?

ಖೆಡ್ಡಾ ನಿಂತಿತು, ಬೇಟೆಯೂ ನಿಂತಿತು. ಇವೆರಡೂ ಒಳ್ಳೆಯದೇ ಆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ 1973ರ ಹುಲಿ ಯೋಜನೆಯೂ ಬಾರದೆ ಇದ್ದಿದ್ದರೆ ಈ ಕಾಡು ಇಷ್ಟರೊಳಗೆ ಬರಿದಾಗುತ್ತಿದ್ದಿತು. 2022ರ ಗಣತಿಯ ಮೇರೆಗೆ ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141 ಹುಲಿಗಳಿದ್ದುವು. ಇದು ನಾಡಿಗೆ ಹೆಮ್ಮೆಯ ಸಂಗತಿ. ನಾವು ಕಾಡಿನ ರಕ್ಷಣೆಗೆ ವಿರೋಧಿಗಳೆಂದು ಯಾರೂ ಭಾವಿಸಬಾರದು. ನಮ್ಮ ಆಕ್ಷೇಪಣೆಯು ಆ ರಕ್ಷಣೆಯ ಬೆಲೆಯನ್ನು ತೆತ್ತವರು ಯಾರು, ಅದರ ಸುಖವನ್ನು ಉಣ್ಣುವವರು ಯಾರು ಎಂಬುದರ ಮೇಲೆ. ನಾಗರಹೊಳೆಯಿಂದ ಮೂರು ಸಾವಿರಕ್ಕೂ ಮೇಲ್ಪಟ್ಟ ಆದಿವಾಸಿ ಕುಟುಂಬಗಳು ಹೊರಬಿದ್ದಿರುವುದಾಗಿ ಉಚ್ಚ ನ್ಯಾಯಾಲಯದ ಅಪ್ಪಣೆಯ ಮೇರೆಗೆ ನೇಮಕವಾದ ಸಮಿತಿಯು 2014ರಲ್ಲಿ ವರದಿಮಾಡಿತು. ತಾತಮುತ್ತಾತಂದಿರ ಕಾಲದಿಂದ ಜೇನು ಕೊಯ್ದು, ಗೆಡ್ಡೆಗೆಣಸು ಅಗೆದು ಬಾಳಿದವರು ಕೊಡಗಿನ ತೋಟಗಳಲ್ಲಿ ಕೂಲಿಗಳಾದರು. ಅದೇ ಕಾಡಿನ ನಡುವೆ ಹೋಟೆಲು ನಡೆಸಲು ದೊಡ್ಡದೊಂದು ಸಂಸ್ಥೆಗೆ ಗೇಣಿ ಕೊಟ್ಟಿದ್ದರು. ಹಾಡಿಯ ಜನರು ಎದ್ದು ನಿಂತು ಹೋರಾಡಿದುದರಿಂದಲೂ ಉಚ್ಚ ನ್ಯಾಯಾಲಯವು 1997ರಲ್ಲಿ ಅದನ್ನು ಕಾನೂನಿಗೆ ವಿರುದ್ಧವೆಂದು ತೀರ್ಮಾನಿಸಿದುದರಿಂದಲೂ ಆ ಪ್ರಯತ್ನವು ನಿಂತಿತು. ಬಿಲ್ಲಿನವನು ಕಾಡಿನಲ್ಲಿ ಇರಕೂಡದು, ಬಿಲ್ಲು ಪಾವತಿ ಮಾಡುವವನು ಇರಬಹುದು ಎಂಬ ಈ ನ್ಯಾಯವು ಯಾವ ಧರ್ಮಶಾಸ್ತ್ರದ್ದು?

ಸಣ್ಣ ಹಳ್ಳಿಗೆ ದೊಡ್ಡ ಅತಿಥಿಗಳು ಬಂದಾಗ ಹಳ್ಳಿಯು ಅಳಿಯಲೇಬೇಕೆಂಬ ವಿಧಿಯೇನೂ ಇಲ್ಲ. ಈ ವಿಷಯದಲ್ಲಿ ಯೂರೋಪಿನ ಆಲ್ಪ್ಸ್ ಪರ್ವತದ ಹಳ್ಳಿಗಳ ಚರಿತ್ರೆಯು ಪರಿಭಾವಿಸತಕ್ಕದ್ದಾಗಿದೆ. ಮಾಂಟ್ ಬ್ಲಾಂಕ್ ಶಿಖರದ ಬುಡದಲ್ಲಿರುವ ಷಮೋನಿಯು ಬಡ ದನಗಾಹಿಗಳ ಹಳ್ಳಿಯಾಗಿದ್ದಿತು. 1786ರಲ್ಲಿ ಆ ಶಿಖರವನ್ನು ಮೊದಲು ಏರಿದವರು ಅರಸರಲ್ಲ, ಆಂಗ್ಲ ದೊರೆಗಳೂ ಅಲ್ಲ. ಅದೇ ಊರಿನ ವೈದ್ಯನಾದ ಪಕಾರ್ ಮತ್ತು ಬೆಟ್ಟದಲ್ಲಿ ಸ್ಫಟಿಕದ ಹರಳುಗಳನ್ನು ಹುಡುಕಿ ಬದುಕುತ್ತಿದ್ದ ಬಾಲ್ಮಾ. ಆಮೇಲೆ ಪರಸ್ಥಳದ ವಿಹಾರಿಗಳು ಗುಂಪುಗುಂಪಾಗಿ ಬರತೊಡಗಿದರು. 1820ರಲ್ಲಿ ಅಂತಹ ಒಂದು ತಂಡದೊಡನೆ ಹೋದ ಮೂವರು ಮಾರ್ಗದರ್ಶಕರು ಹಿಮದ ಕುಸಿತಕ್ಕೆ ಸಿಕ್ಕಿ ಸತ್ತರು. ಆ ಹಳ್ಳಿಯವರು ಅತ್ತು ಸುಮ್ಮನಾಗಲಿಲ್ಲ. ಮರುವರ್ಷವೇ, ಎಂದರೆ 1821ರಲ್ಲಿ, ತಮ್ಮದೇ ಆದ ಮಾರ್ಗದರ್ಶಕರ ಸಂಘವನ್ನು ಕಟ್ಟಿಕೊಂಡರು. ಬಂದ ಅತಿಥಿಯನ್ನು ಕರೆದೊಯ್ಯುವ ಕೆಲಸವು ಸರದಿಯ ಮೇಲೆ ಒಬ್ಬೊಬ್ಬನಿಗೆ ಸಲ್ಲಬೇಕೆಂದು ಕಟ್ಟು ಮಾಡಿದರು. ಗಾಯಗೊಂಡವನಿಗೂ ಸತ್ತವನ ಹೆಂಡಿರು ಮಕ್ಕಳಿಗೂ ಆಧಾರವಾಗಲೆಂದು ಸಹಾಯನಿಧಿಯನ್ನಿಟ್ಟರು. ಆ ಸಂಘವು ಇನ್ನೂರು ವರ್ಷಗಳನ್ನು ದಾಟಿ ಇಂದಿಗೂ ಬದುಕಿದೆ.

ಸ್ವಿಟ್ಸರ್ಲೆಂಡಿನ ಜರ್ಮಾಟ್ ಹಳ್ಳಿಯು ಇನ್ನೊಂದು ನಿದರ್ಶನ. 1865ರಲ್ಲಿ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲು ಏರಿದ ಏಳು ಜನರಲ್ಲಿ ನಾಲ್ವರು ಇಳಿಯುವಾಗ ಬಿದ್ದು ಸತ್ತರು. ಉಳಿದ ಮೂವರಲ್ಲಿ ಇಬ್ಬರು ಅದೇ ಊರಿನ ತಂದೆ ಮಗ. ಆ ಸುದ್ದಿಯಿಂದ ಊರು ಲೋಕಪ್ರಸಿದ್ಧವಾಯಿತು. ಅಲ್ಲಿಯ ಮೂಲನಿವಾಸಿಗಳ ಪಂಚಾಯಿತಿಯು ಊರಿನ ಸಾಮುದಾಯಿಕ ಭೂಮಿಯನ್ನು ಬಿಟ್ಟುಕೊಡದೆ, ಹೋಟೆಲುಗಳನ್ನು ಸಹ ತಾನೇ ಹೊಂದಿ ನಡೆಸುತ್ತದೆ. ಪೆಟ್ರೋಲಿನ ವಾಹನಗಳು ಆ ಊರೊಳಕ್ಕೆ ಬರುವಂತಿಲ್ಲ. ಎಂತಹ ಧನಿಕನಾದರೂ ತನ್ನ ವಾಹನವನ್ನು ಕೆಳಗಿನ ಊರಿನಲ್ಲಿ ಬಿಟ್ಟು ರೈಲು ಹತ್ತಿ ಬರಬೇಕು. ಅತಿಥಿಯು ಮನೆಯವರ ಕಟ್ಟಳೆಯನ್ನು ಅನುಸರಿಸುವನೇ ಹೊರತು ಮನೆಯವರು ಅತಿಥಿಯ ಕಟ್ಟಳೆಯನ್ನಲ್ಲ.

ಅಲ್ಲಿ ಹುಲಿಯಿಲ್ಲ, ಆನೆಯಿಲ್ಲ. ಹಿಮದ ಬೆಟ್ಟಕ್ಕೂ ಹುಲಿಯ ಕಾಡಿಗೂ ಏನು ಹೋಲಿಕೆ ಎಂದು ಕೆಲವರು ಕೇಳಬಹುದು. ಆಕ್ಷೇಪಣೆಯು ಯುಕ್ತವಾಗಿದೆ. ಕಾಡು ಸರಕಾರದ ರಕ್ಷಣೆಯಲ್ಲಿರಬೇಕು; ಎಷ್ಟು ವಾಹನ, ಯಾವ ಹೊತ್ತು, ಯಾವ ದಾರಿ ಎಂಬುದನ್ನು ಅರಣ್ಯ ಶಾಸ್ತ್ರಜ್ಞರೇ ನಿಶ್ಚಯಿಸಬೇಕು. ಇದರಲ್ಲಿ ವಾದವಿಲ್ಲ. ಆದರೆ ಷಮೋನಿಯಿಂದ ನಾವು ಕಲಿಯತಕ್ಕದ್ದು ಬೆಟ್ಟವೇರುವ ವಿದ್ಯೆಯನ್ನಲ್ಲ. ಅತಿಥಿಯ ವಿನೋದಕ್ಕಾಗಿ ಅಪಾಯಕ್ಕೆ ಎದೆಯೊಡ್ಡುವವನು ಆಳಲ್ಲ, ಊರಿನ ಪ್ರತಿನಿಧಿ, ಅವನ ದುಡಿಮೆಗೆ ಸರದಿಯೂ ಸಾವಿಗೆ ಸಹಾಯನಿಧಿಯೂ ಇರಬೇಕು ಎಂಬ ಒಂದು ಮಾತನ್ನು ಮಾತ್ರ. ಈ ಮಾತು ಹಿಮಕ್ಕೂ ಸಲ್ಲುತ್ತದೆ, ಬಿದಿರು ಮೆಳೆಗೂ ಸಲ್ಲುತ್ತದೆ.

ಇದಕ್ಕೆ ಹೊಸ ಶಾಸನವೇನೂ ಬೇಕಾಗಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯು ಕಾಡಿನ ನಿವಾಸಿಗಳ ಹಕ್ಕುಗಳನ್ನು ಒಪ್ಪಿಕೊಂಡಿದೆ. ಅದೇ ವರ್ಷ ತಿದ್ದುಪಡಿಯಾದ ವನ್ಯಜೀವಿ ಕಾಯಿದೆಯು ಹುಲಿಯ ಕಾಡಿನಿಂದ ಜನರನ್ನು ಸ್ಥಳಾಂತರಿಸಬೇಕಾದರೆ ಅವರ ಇಚ್ಛೆಯೂ ಗ್ರಾಮಸಭೆಯ ಸಮ್ಮತಿಯೂ ಬೇಕೆಂದು ಹೇಳುತ್ತದೆ. 2012ರ ಜುಲೈ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಹುಲಿ ಕಾಡುಗಳ ಗರ್ಭಪ್ರದೇಶದಲ್ಲಿ ಪ್ರವಾಸವನ್ನು ತಾತ್ಕಾಲಿಕವಾಗಿ ತಡೆದು, ಅಕ್ಟೋಬರಿನಲ್ಲಿ ಹೊಸ ಮಾರ್ಗಸೂಚಿಗಳು ಹೊರಟ ಬಳಿಕ ಆ ತಡೆಯನ್ನು ತೆಗೆಯಿತು. ಪ್ರವಾಸದ ಉದ್ಯಮದಿಂದ ಸಂರಕ್ಷಣಾ ಶುಲ್ಕವನ್ನು ಪಡೆದು ಅದನ್ನು ಸ್ಥಳೀಯರ ಜೀವನೋಪಾಯಕ್ಕೂ ಕಾಡಿನ ರಕ್ಷಣೆಗೂ ವಿನಿಯೋಗಿಸಬೇಕೆಂಬುದು ಆ ಮಾರ್ಗಸೂಚಿಗಳಲ್ಲಿಯೇ ಇದೆ. ನಮ್ಮ ದೇಶದಲ್ಲಿ ಶಾಸನಗಳಿಗೆ ಬರವಿಲ್ಲ. ಅವುಗಳನ್ನು ಕಡತದಿಂದ ಹಟ್ಟಿಯ ಬಾಗಿಲಿಗೆ ತರುವ ಕೈಗಳಿಗೆ ಬರ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರುಕೊಲ್ಲಿಯಲ್ಲಿ ಜೇನುಕುರುಬ ಕುಟುಂಬಗಳು ತಮ್ಮ ಹಳೆಯ ನೆಲಕ್ಕೆ ತಾವೇ ನಡೆದು ಹೋಗಿ ಗುಡಿಸಲು ಹಾಕಿದುವು. ಬರೆದ ಹಕ್ಕನ್ನು ಕೊಡುವುದರಲ್ಲಿ ವಿಳಂಬವಾದರೆ ಆಗುವ ಫಲವನ್ನು ಈ ಪ್ರಸಂಗದಿಂದ ಅಧಿಕಾರಿಗಳು ತಿಳಿಯತಕ್ಕದ್ದು.

ಇನ್ನು ಸ್ಥಳದ ಆಚಾರ ಸಂಪ್ರದಾಯಗಳ ಮಾತು. ವಿಹಾರಕ್ಕೆ ಬಂದವರಿಗೆ ಊಟದ ಹೊತ್ತಿನಲ್ಲಿ ಹಾಡಿಯ ಹೆಂಗಸರು ಗಂಡಸರನ್ನು ಕರೆಸಿ ಕುಣಿಸುವುದು ಇತ್ತೀಚೆಗೆ ಒಂದು ವಾಡಿಕೆಯಾಗಿದೆ. ಕುಣಿದವರಿಗೆ ನಾಲ್ಕು ಕಾಸು ದೊರೆಯುವುದಾದರೆ ಬೇಡವೆನ್ನಲು ನಾವಾರು? ಆದರೆ ದೇವರ ಮುಂದೆ, ನೆಂಟರ ನಡುವೆ, ತಕ್ಕ ಕಾಲದಲ್ಲಿ ಕುಣಿಯತಕ್ಕುದನ್ನು ಉಣ್ಣುವವರ ತಟ್ಟೆಯ ಮುಂದೆ ದಿನವೂ ಕುಣಿಸಿದರೆ ಅದು ಸಂಪ್ರದಾಯವಾಗಿ ಉಳಿಯುವುದಿಲ್ಲ. ಆ ಜನರ ನಿಜವಾದ ಸಂಪ್ರದಾಯವು ಅವರ ವಿದ್ಯೆಯಲ್ಲಿದೆ. ಮುರಿದ ಹುಲ್ಲಿನಿಂದ ಆನೆ ಹೋದ ಹೊತ್ತನ್ನು ಹೇಳುವುದು, ಲಂಗೂರದ ಕೂಗಿನಿಂದ ಹುಲಿಯ ಸುಳಿವನ್ನು ಅರಿಯುವುದು, ಹೆಮ್ಮರದ ತುದಿಯ ಹೆಜ್ಜೇನನ್ನು ಹುಳುವಿನ ಕುಲ ಕೆಡದಂತೆ ಇಳಿಸುವುದು, ಯಾವ ಗೆಡ್ಡೆಯನ್ನು ಯಾವ ತಿಂಗಳಲ್ಲಿ ಅಗೆಯಬೇಕು, ಎಷ್ಟನ್ನು ಮಣ್ಣಿನಲ್ಲಿಯೇ ಬಿಡಬೇಕು ಎಂಬುದು—ಇವೆಲ್ಲ ಪುಸ್ತಕದಲ್ಲಿ ದೊರೆಯದ ವಿದ್ಯೆ. ಭೀಮನಕೊಲ್ಲಿಯ ಮಹದೇಶ್ವರನ ಜಾತ್ರೆಗೆ ಒಬ್ಬ ಪಟ್ಟಣಿಗನು ಎಲ್ಲರಂತೆ ನಡೆದು ಹೋಗಿ ಕೈಮುಗಿದು ಬರಲಿ. ಬೆಳತೂರಿನಲ್ಲಿ ದೊರೆತ ಹನ್ನೊಂದನೆಯ ಶತಮಾನದ ದೇಕಬ್ಬೆಯ ಶಾಸನವನ್ನು ಕುರಿತು ಓದಿ ಈ ಕಾಡಂಚು ಎಷ್ಟು ಹಳೆಯ ಕನ್ನಡನಾಡೆಂಬುದನ್ನು ತಿಳಿಯಲಿ. ಹುಲಿಯ ಚಿತ್ರವೊಂದನ್ನು ಮಾತ್ರ ಹಿಡಿದು ಹಿಂದಿರುಗುವವನು ಈ ಸೀಮೆಯನ್ನು ಕಂಡಂತಾಗಲಿಲ್ಲ.

ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಆಗತಕ್ಕ ಕಾರ್ಯಗಳು ಇಷ್ಟು. ಮೊದಲನೆಯದಾಗಿ, ಹಾಡಿಗಳಿಂದಲೂ ಕಾಡಂಚಿನ ಹಳ್ಳಿಗಳಿಂದಲೂ ಆರಿಸಿದ ಮಾರ್ಗದರ್ಶಕರ ಸಂಘವೊಂದು ಏರ್ಪಡಬೇಕು. ಪ್ರತಿಯೊಂದು ಸಫಾರಿ ವಾಹನದಲ್ಲಿಯೂ ದೋಣಿಯಲ್ಲಿಯೂ ಆ ಸಂಘದ ಒಬ್ಬನು ಸರದಿಯ ಮೇಲೆ ಇರಬೇಕು. ಅವನ ಸಂಬಳವೂ ಅಪಘಾತದ ನಿಧಿಯೂ ಅತಿಥಿಯು ಕೊಡುವ ಹಣದಿಂದಲೇ ನಡೆಯಬೇಕು. ಎರಡನೆಯದಾಗಿ, ವಿಹಾರಿಗಳಿಂದಲೂ ವಸತಿಗೃಹಗಳಿಂದಲೂ ಬರುವ ಶುಲ್ಕವೆಷ್ಟು, ಅದರಲ್ಲಿ ಯಾವ ಹಳ್ಳಿಗೆ ಏನು ಸಂದಿತು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ಮೂರನೆಯದಾಗಿ, ಹುಲಿಯಾನೆಗಳಿಂದ ಬೆಳೆ, ದನ, ಜೀವ ಹಾನಿಯಾದಾಗ ಪರಿಹಾರವು ತಿಂಗಳುಗಟ್ಟಲೆ ಅಲೆದಾಡಿಸದೆ ದೊರೆಯಬೇಕು. ಅದಕ್ಕೆ ಈ ಶುಲ್ಕದಿಂದಲೇ ಮುಂಗಡ ಕೊಡುವ ಏರ್ಪಾಡಾಗಲಿ. ಕಾಡಿನ ಸುಖದಲ್ಲಿ ಪಾಲುಳ್ಳವನು ಕಾಡಿನ ದುಃಖದಲ್ಲಿಯೂ ಪಾಲು ಹೊರಬೇಕಾದುದು ನ್ಯಾಯ. ನಾಲ್ಕನೆಯದಾಗಿ, ವಸತಿಗೃಹಗಳವರು ರಾಗಿ, ತರಕಾರಿ, ಹಾಲು, ಜೇನುಗಳನ್ನು ಸುತ್ತಣ ಹಳ್ಳಿಗಳಿಂದಲೇ ಕೊಳ್ಳಬೇಕು. ಸ್ವದೇಶಿ ಎಂಬ ಮಾತು ನಮ್ಮ ಹಿರಿಯರಿಗೆ ಬಟ್ಟೆಯೊಂದಕ್ಕೇ ಸಂಬಂಧಿಸಿದುದಾಗಿರಲಿಲ್ಲ. ನೆರೆಯವನ ದುಡಿಮೆಯಿಂದ ಹುಟ್ಟಿದುದಕ್ಕೆ ಮೊದಲ ಮರ್ಯಾದೆಯೆಂಬುದೇ ಅದರ ತಿರುಳು.

ಹಳ್ಳಿಗೆ ಹಣ ಬರತೊಡಗಿದರೆ ಹಳ್ಳಿಯವರೇ ಹೆಚ್ಚು ವಾಹನ, ಹೆಚ್ಚು ಜನ ಬೇಕೆಂದು ಹಟ ಹಿಡಿದಾರು, ಕಾಡು ಕೆಟ್ಟೀತು ಎಂಬ ಭಯವನ್ನು ಕೆಲವು ಹಿತಚಿಂತಕರು ತೋರಿಸುವರು. ಈ ಭಯವು ನಿರಾಧಾರವಲ್ಲ; ಆದುದರಿಂದಲೇ ವಾಹನಗಳ ಮಿತಿಯನ್ನು ಶಾಸ್ತ್ರಜ್ಞರು ಕಟ್ಟುನಿಟ್ಟಾಗಿ ಗೊತ್ತುಮಾಡಬೇಕೆಂದು ನಾವು ಮೊದಲೇ ಹೇಳಿದೆವು. ಆದರೆ ಇಂದಿನ ಸ್ಥಿತಿಯಲ್ಲಿ ಹುಲಿಯಿಂದ ಹಳ್ಳಿಗೆ ದೊರೆಯುವುದು ನಷ್ಟವೊಂದೇ. ನಷ್ಟವನ್ನು ಮಾತ್ರ ಕಂಡವನು ಹುಲಿಯನ್ನು ಎಷ್ಟು ದಿನ ಸಹಿಸಿಯಾನು? ಉರುಳನ್ನಾಗಲಿ ವಿಷವನ್ನಾಗಲಿ ತಡೆಯುವಷ್ಟು ಕಾವಲುಗಾರರು ಯಾವ ಸರಕಾರದ ಬಳಿಯೂ ಇಲ್ಲ. ನೆರೆಯ ಹಳ್ಳಿಯ ಸದ್ಭಾವವೇ ಕಾಡಿಗೆ ಗಟ್ಟಿಯಾದ ಬೇಲಿ.

ಕೊನೆಯದಾಗಿ ನಮ್ಮ ಪಟ್ಟಣಿಗರಿಗೂ ಅಧಿಕಾರವರ್ಗದವರಿಗೂ ಒಂದು ಬಿನ್ನಹ. ರಜೆಯ ದಿನ ಬೀಚನಹಳ್ಳಿಯ ದಾರಿ ಹಿಡಿಯುವವರಲ್ಲಿ ನಾವೂ ನೀವೂ ಸೇರಿದ್ದೇವೆ. ಹುಲಿ ಕಾಣಲಿಲ್ಲವೆಂದು ಚಾಲಕನನ್ನು ಗದರಿಸುವುದು, ಆನೆಯ ದಾರಿಗೆ ಅಡ್ಡನಿಂತು ಚಿತ್ರ ತೆಗೆಯುವುದು, ಪದವಿಯ ಬಲದಿಂದ ನಿಯಮ ಮೀರಿ ಒಳಕ್ಕೆ ಹೋಗುವುದು—ಇವು ವಿದ್ಯಾವಂತರಿಗೆ ಒಪ್ಪುವ ನಡತೆಗಳಲ್ಲ. ಮೊದಲು ಆ ಮಣ್ಣಿನವನ ಹೆಸರನ್ನು ಕೇಳಿ. ಅವನ ಹೊಲಕ್ಕೆ ಈ ವರ್ಷ ಆನೆ ಬಿದ್ದಿತೋ ಎಂದು ವಿಚಾರಿಸಿ. ಅವನು ತೋರಿಸಿದ ಹೆಜ್ಜೆಯ ಗುರುತನ್ನು ಅವನಿಂದಲೇ ಓದಲು ಕಲಿಯಿರಿ. ಅಣೆಕಟ್ಟಿಗೆ ನೆಲವನ್ನೂ ನಾಡಹಬ್ಬಕ್ಕೆ ಆನೆಯನ್ನೂ ದೇಶಕ್ಕೆ ಹುಲಿಯನ್ನೂ ಕೊಟ್ಟ ಸೀಮೆಯಿದು. ಆ ಸೀಮೆಯು ನಮ್ಮಿಂದ ಕೇಳುವುದು ದಾನವನ್ನಲ್ಲ, ಲೆಕ್ಕವನ್ನು. ಆ ಲೆಕ್ಕವನ್ನು ಪ್ರಾಮಾಣಿಕವಾಗಿ ಒಪ್ಪಿಸಿದ ದಿನ ಕಾಡಿನ ಬಾಗಿಲನ್ನು ಮುಚ್ಚಬೇಕೋ ತೆರೆಯಬೇಕೋ ಎಂಬ ವಾದವನ್ನು ಆ ಹಳ್ಳಿಗಳ ಜನರೇ ನಮ್ಮೊಡನೆ ಕುಳಿತು ತೀರ್ಮಾನಿಸುವರು. ಸರಕಾರದವರು ಈ ಸಂಗತಿಯನ್ನು ಬೇಗನೆ ಮನಸ್ಸಿಗೆ ತಂದುಕೊಳ್ಳುವರೆಂದು ಆಶಿಸುತ್ತೇವೆ.